ಚಟ್ನಿ ರುಬ್ಬಿದರೆ ವಿಕಿರಣ

ಚಿಕ್ಕಮಗಳೂರಿನಲ್ಲಿ ಕೂತವನಿಗೆ ವಿಕಿರಣ ಎಣಿಸುವ ಗೈಗರ್ ಕೌಂಟರ್ ಯಾಕೆ ಅಂತ ಮನೆಗೆ ಬಂದವರೆಲ್ಲ ಕೇಳಿದರು. ಇಲ್ಲಿ ಅಣುಸ್ಥಾವರ ಇಲ್ಲ. ಇರೋದು ಕಾಫಿ, ಮೆಣಸು ಮತ್ತು ಮಳೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಿಟ್ ಅಗ್ಗಕ್ಕೆ ಸಿಕ್ಕಿತು, ತರಿಸಿದೆ, ಅಷ್ಟೆ.

ಯಂತ್ರ ಸರಳವಾದದ್ದು. ಬೆರಳುದ್ದದ ಗಾಜಿನ ಕೊಳವೆ, ಅದರೊಳಗೆ ಒಂದಿಷ್ಟು ಅನಿಲ, ನಡುವೆ ಸಣ್ಣ ತಂತಿ. ಅದಕ್ಕೆ ಸುಮಾರು 400 ವೋಲ್ಟ್ ಕೊಡಬೇಕು. ವಿಕಿರಣ ಒಳಗೆ ನುಗ್ಗಿದಾಗ ಆ ಅನಿಲದಲ್ಲಿ ಒಂದು ಕ್ಷಣ ವಿದ್ಯುತ್ ಹರಿಯುತ್ತದೆ, ಸ್ಪೀಕರ್ 'ಟಿಕ್' ಅನ್ನುತ್ತದೆ. ಹಾನ್ಸ್ ಗೈಗರ್ ಮತ್ತು ವಾಲ್ಟರ್ ಮ್ಯುಲ್ಲರ್ 1928ರಲ್ಲಿ ಜರ್ಮನಿಯಲ್ಲಿ ಮಾಡಿದ ಕೊಳವೆಯ ಮೊಮ್ಮಗ ಇದು.

ಮೊದಲ ತಕರಾರು ಬಂದದ್ದು ಅಮ್ಮನಿಂದ. ಆ ಟಿಕ್ ಅವಳ ಕಿವಿಗೆ ಹಲ್ಲಿ ಲೊಚಗುಟ್ಟಿದ ಹಾಗೇ ಕೇಳಿಸುತ್ತದೆ. ಹಲ್ಲಿ ನುಡಿದರೆ ಬೆರಳಲ್ಲಿ ನೆಲ ತಟ್ಟಿ 'ಕೃಷ್ಣ ಕೃಷ್ಣ' ಅನ್ನಬೇಕಲ್ವಾ? ನಿಮಿಷಕ್ಕೆ ಇಪ್ಪತ್ತು ಚಿಲ್ಲರೆ ಸಲ ಎಷ್ಟು ಅಂತ ತಟ್ಟುತ್ತಾಳೆ ಪಾಪ. ಸೊಸೆ ಏನೋ ಹೇಳುತ್ತಿದ್ದಾಗ ಟಿಕ್ ಅಂದರೆ ಅದು ಸತ್ಯವಾಗಿಬಿಡುತ್ತದೆ ಅನ್ನೋ ಚಿಂತೆ ಬೇರೆ. ಸ್ಪೀಕರಿನ ತಂತಿ ಬಿಚ್ಚಿ, ಬರೀ ಅಂಕಿ ತೋರಿಸುವ ಹಾಗೆ ಮಾಡಿದೆ.

ಆ ಅಂಕಿಗಳೇ ಮುಂದಿನ ರಗಳೆ. ಒಂದು ನಿಮಿಷ 22, ಮರುನಿಮಿಷ 31, ಆಮೇಲೆ 17. "ರೀ, ಕೆಟ್ಟಿದ್ದನ್ನೇ ಕಳಿಸಿದಾರೆ, ವಾಪಸ್ ಮಾಡಿ" ಅಂದಳು ಹೆಂಡತಿ. ಇದು ಮಾತ್ರ ಯಂತ್ರದ ತಪ್ಪಲ್ಲ. ಎಲ್ಲ ಕಡೆ ಸದಾ ಇರುವ ಸಹಜ ವಿಕಿರಣ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಸರಾಸರಿ 25 ಇದ್ದರೆ ಅದರ ವರ್ಗಮೂಲ 5. ಅಂದರೆ ಮೂರರಲ್ಲಿ ಎರಡು ಸಲ ಅಂಕಿ 20ರಿಂದ 30ರೊಳಗೆ ಇರುತ್ತದೆ, ಉಳಿದ ಸಲ ಆಚೀಚೆ ಹಾರುತ್ತದೆ. ಹತ್ತು ನಿಮಿಷ ಎಣಿಸಿ ಭಾಗಿಸಿದರೆ ನೆಟ್ಟಗಾಗುತ್ತದೆ. ಇದನ್ನೆಲ್ಲ ವಿವರಿಸಿದೆ. "ಹತ್ತು ನಿಮಿಷ ಕಾದು ಮಾಡೋದೇನಿದೆ?" ಅಂದಳು. ಅದಕ್ಕೆ ನನ್ನ ಹತ್ತಿರ ಸೂತ್ರ ಇರಲಿಲ್ಲ.

ಆದರೆ 17, 31 ಎಲ್ಲ ಬಿಟ್ಟು ಒಂದು ದಿನ ಸಂಜೆ ಸೀದಾ 300 ದಾಟಿತು. ಎದೆ ಧಸಕ್ಕೆಂದಿತು. ನೋಡಿದರೆ ಮಳೆ ಬಿಟ್ಟು ಕಿಟಕಿಯಿಂದ ಬಿಸಿಲು ಕೊಳವೆಯ ಮೇಲೆ ಬಿದ್ದಿದೆ. ಗಾಜಿನ ಕೊಳವೆಗೆ ಬೆಳಕು ಆಗಿಬರುವುದಿಲ್ಲ. ಬೆಳಕು ಬಿದ್ದರೆ ಒಳಗಿನ ಲೇಪನದಿಂದ ಎಲೆಕ್ಟ್ರಾನ್ ಎದ್ದು ಸುಳ್ಳು ಲೆಕ್ಕ ಕೊಡುತ್ತದೆ. ಕರಿ ಇನ್ಸುಲೇಷನ್ ಟೇಪ್ ಸುತ್ತಿದೆ. ಮುಗಿಯಿತು ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಏಳೂವರೆಗೆ ಮತ್ತೆ ಏರಿತು. ಬಿಸಿಲಿಲ್ಲ, ಆಕಾಶ ಮಂಕು. ಒಂದು ನಿಮಿಷ ಕುಣಿದು ತಣ್ಣಗಾಯಿತು. ಮರುದಿನವೂ ಅದೇ ಹೊತ್ತಿಗೆ. ಅಡುಗೆಮನೆ ಕಡೆ ಹೋದಾಗ ಗೊತ್ತಾಯಿತು, ಅದು ಚಟ್ನಿ ರುಬ್ಬುವ ಹೊತ್ತು! ಮಿಕ್ಸಿಯ ಮೋಟರಿನ ಕಾರ್ಬನ್ ಬ್ರಷ್‌ಗಳಲ್ಲಿ ಕಿಡಿ ಹಾರುತ್ತಲೇ ಇರುತ್ತದೆ. ಆ ಗಲಾಟೆ ಕರೆಂಟಿನ ತಂತಿ ಹಿಡಿದು, ನನ್ನ ಅಗ್ಗದ ಚಾರ್ಜರಿನ ಮೂಲಕ ಯಂತ್ರದೊಳಗೆ ಬಂದು, ತಾನೂ ವಿಕಿರಣ ಅಂತ ಹೆಸರು ಬರೆಸುತ್ತಿತ್ತು. ಚಾರ್ಜರ್ ಕಿತ್ತು ಪವರ್ ಬ್ಯಾಂಕಿಗೆ ಹಾಕಿದೆ, ನಿಂತಿತು. ಆದರೆ ಸುದ್ದಿ ಅಷ್ಟರಲ್ಲಿ ಬೇಲಿ ದಾಟಿತ್ತು. ಪಕ್ಕದ ಮನೆ ಆಂಟಿ ಎರಡು ದಿನ ಕಾಯಿಚಟ್ನಿ ಮಾಡಲಿಲ್ಲವಂತೆ.

ಜುಲೈ ಮಳೆ ಹಿಡಿಯಿತು. ನಮ್ಮ ಕಡೆ ಜುಲೈನಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಯಂತ್ರ ಈಗ ಹಗಲು ರಾತ್ರಿ ಅನ್ನದೆ ಮನಬಂದ ಹಾಗೆ ಎಣಿಸತೊಡಗಿತು. ಪೇಟೆಯಲ್ಲಿ ಒಬ್ಬರು ಟಿವಿ ರಿಪೇರಿಯವರಿದ್ದಾರೆ, ಹಳೇ ಕೈ. ಅವರ ಹತ್ತಿರ ಒಯ್ದೆ. ಮಲ್ಟಿಮೀಟರಿನ ಎರಡು ಕಡ್ಡಿ ಕೊಳವೆಯ ತುದಿಗಳಿಗೆ ಮುಟ್ಟಿಸಿದರು. ಎಣಿಕೆ ಪಟ್ಟಂತ ನಿಂತಿತು. ಮೀಟರಿನಲ್ಲಿ ನೂರೈವತ್ತು ಚಿಲ್ಲರೆ ವೋಲ್ಟ್.

"ವೋಲ್ಟೇಜೇ ಬರ್ತಿಲ್ಲ ಸಾರ್. ಟ್ರಾನ್ಸ್‌ಫಾರ್ಮರ್ ಹೋಗಿದೆ."

"ಕಡ್ಡಿ ತೆಗೀರಿ."

ತೆಗೆದರು. ಅಂಕಿ ಮತ್ತೆ ಓಡಿತು. ಮುಟ್ಟಿಸಿದರು, ನಿಂತಿತು. ನನ್ನ ಮುಖ ನೋಡಿದರು.

ಸಂಗತಿ ಏನಂದರೆ, ಆ 400 ವೋಲ್ಟಿನ ಹಿಂದೆ ಕರೆಂಟು ತೀರಾ ಕಮ್ಮಿ. ಸಾಮಾನ್ಯ ಮಲ್ಟಿಮೀಟರಿನ ಒಳರೋಧ 10 ಮೆಗಾಓಮ್ ಇದ್ದರೂ ಈ ಸರ್ಕ್ಯೂಟಿಗೆ ಅದೇ ದೊಡ್ಡ ಹೊರೆ. ಅಳೆಯಲು ಹೋದವನೇ ವೋಲ್ಟೇಜ್ ಕುಡಿದುಬಿಡುತ್ತಾನೆ. ಸರಿಯಾಗಿ ನೋಡಬೇಕಾದರೆ ಗಿಗಾಓಮ್ ಲೆಕ್ಕದ ರೆಸಿಸ್ಟರ್ ಸರಣಿಯಲ್ಲಿ ಹಾಕಬೇಕು. "ಇಂಥ ನಾಜೂಕು ಸಾಮಾನು ಮಲೆನಾಡಿಗೆ ಯಾಕೆ ತಂದ್ರಿ ಸಾರ್" ಅಂತ ಅವರು ಬೋರ್ಡನ್ನು ದೀಪಕ್ಕೆ ಹಿಡಿದರು. ಬೆಸುಗೆಯ ಸುತ್ತ ಜೇನುಬಣ್ಣದ ರೋಸಿನ್, ಅಂದರೆ ಬೆಸುಗೆಗೆ ಹಾಕುವ ರಾಳ, ಮೆತ್ತಿಕೊಂಡಿತ್ತು, ಮುಟ್ಟಿದರೆ ಅಂಟು. ಕೊಳವೆ ಕಚ್ಚಿಕೊಂಡಿದ್ದ ಕ್ಲಿಪ್ಪಿನ ಬುಡದಲ್ಲಿ ಒಂದು ಕೆಂಪಿರುವೆ ಸುಟ್ಟು ಕೂತಿತ್ತು. ರೋಸಿನ್ನಿನ ಮೇಲೆ ತೇವ ಕೂತರೆ ಹೈವೋಲ್ಟೇಜ್ ಅದರ ಮೇಲೇ ಸೋರುತ್ತದೆ. ಒಂದೊಂದು ಸೋರಿಕೆಯೂ ಒಂದೊಂದು ಸುಳ್ಳು ಟಿಕ್. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತಿಕ್ಕಿದರು. ಇರುವೆಗೆ ಬೇರೆ ಚಾರ್ಜ್ ಹಾಕಲಿಲ್ಲ.

ಒಣಗಿಸುವ ಜವಾಬ್ದಾರಿ ಅಮ್ಮ ತೆಗೆದುಕೊಂಡಳು. "ಬಚ್ಚಲೊಲೆ ಮೇಲಿನ ಗಳಕ್ಕೆ ನೇತು ಹಾಕೋ, ಕಂಬಳಿ ಒಣಗಲ್ವಾ?" ಅಂದಳು. ಹೊಗೆಗೆ ಹೆದರಿ ನಾನು ಶೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನೆಲ್ಲ ಕೂಡಿಹಾಕಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಟ್ಟೆ. ಅಮ್ಮನ ಉಪಾಯವೇ ಬೇಗ ಕೆಲಸ ಮಾಡುತ್ತಿತ್ತೋ ಏನೋ.

ಇನ್ನು ಯಂತ್ರ ನಿಜ ಹೇಳುತ್ತದಾ ಅಂತ ನೋಡಬೇಕಲ್ಲ. ಬಾಳೆಹಣ್ಣಿನ ಪೊಟ್ಯಾಸಿಯಂನಲ್ಲಿ ವಿಕಿರಣ ಇದೆ ಅಂತ ಎಲ್ಲರೂ ಹೇಳುತ್ತಾರೆ. ಇದೆ, ಆದರೆ ನನ್ನ ಕೊಳವೆಗೆ ಅದು ಗೊತ್ತೇ ಆಗುವುದಿಲ್ಲ. ಹಣ್ಣು ತಿಂದೆ. ಎದುರು ಮನೆ ಮೇಷ್ಟ್ರು ಅಟ್ಟದಿಂದ ಹಳೇ ಪೆಟ್ರೊಮ್ಯಾಕ್ಸ್ ದೀಪಕ್ಕೆ ಕಟ್ಟುವ ಬಟ್ಟೆಬಲೆಯ, ಅಂದರೆ ಮ್ಯಾಂಟಲ್‌ನ ಪೊಟ್ಟಣ ಇಳಿಸಿ ಕೊಟ್ಟರು. ಹಿಂದಿನ ಮ್ಯಾಂಟಲ್‌ಗಳಲ್ಲಿ ಥೋರಿಯಂ ಇರುತ್ತಿತ್ತು, ಬಿಳಿ ಬೆಳಕು ಬರುತ್ತಿದ್ದದ್ದೇ ಅದರಿಂದ. ಹತ್ತಿರ ಹಿಡಿದೊಡನೆ ಅಂಕಿ ನೂರು ದಾಟಿತು, ದೂರ ಸರಿಸಿದರೆ ಇಳಿಯಿತು. ಅಮ್ಮ ಕಣ್ಣು ಕಿರಿದು ಮಾಡಿದಳು. "ನಿಮ್ಮಪ್ಪನ ಜೊತೆ ನನ್ನ ಧಾರೆ ಆಗಿದ್ದೇ ಇದರ ಬೆಳಕಲ್ಲಿ."

"ಹತ್ತಿರ ಕೂತಿರಲಿಲ್ಲ ಬಿಡಮ್ಮ" ಅಂದೆ.

"ಈಗ ಹೇಳ್ತೀಯಲ್ಲ" ಅಂದಳು.

ಅಂತೂ ಯಂತ್ರ ಸರಿ ಇತ್ತು. ಎರಡು ದಿನ ಮಳೆ ಬಿಡುವು ಕೊಟ್ಟು, ಮೂರನೇ ದಿನ ಮಧ್ಯಾಹ್ನ ಧೋ ಅಂತ ಹೊಡೆಯಿತು. ನಿಂತ ಕೂಡಲೇ ಹೊರಗೋಡಿ ಕಾರಿನ ಬಾನೆಟ್ಟನ್ನು ಟಿಶ್ಯೂವಿನಲ್ಲಿ ಒರೆಸಿ ಕೊಳವೆಯ ಪಕ್ಕ ಇಟ್ಟೆ. 25 ಇದ್ದದ್ದು 70ರ ಹತ್ತಿರ ಹೋಯಿತು. ಇದು ಬಿಸಿಲಲ್ಲ, ಮಿಕ್ಸಿಯಲ್ಲ, ಇರುವೆಯಲ್ಲ. ನೆಲದಿಂದ ಏಳುವ ರೇಡಾನ್ ಅನಿಲ ಒಡೆದು ಸೀಸ, ಬಿಸ್ಮತ್‌ಗಳ ಕಣಗಳಾಗಿ ಗಾಳಿಯ ಧೂಳಿಗೆ ಅಂಟಿರುತ್ತವೆ. ಮಳೆ ಅವನ್ನೆಲ್ಲ ತೊಳೆದು ಕೆಳಗಿಳಿಸುತ್ತದೆ. ಅವುಗಳ ಆಯಸ್ಸು ಸಣ್ಣದು, ಅರ್ಧ ಗಂಟೆಗೆಲ್ಲ ಹೆಚ್ಚುವರಿ ಅರ್ಧ ಇಳಿಯುತ್ತದೆ. ಲೋಕ ಇರೋವರೆಗೂ ಇದು ಹೀಗೇ, ಅಪಾಯ ಏನಿಲ್ಲ. ನಿಜವಾದ ವಿಕಿರಣ ಕೊನೆಗೂ ಸಿಕ್ಕಿದ ಖುಷಿಗೆ ಎಲ್ಲರನ್ನೂ ಕೂಗಿದೆ.

ಹೆಂಡತಿ ಬಾಗಿಲಲ್ಲೇ ನಿಂತು ಅಂದಳು, "ಮಿಕ್ಸಿ ಆಫ್ ಇದೆ. ಇವತ್ತು ಯಾರ ಮೇಲೆ ಹಾಕ್ತೀರಿ?"

"ಮಳೆ ಮೇಲೆ."

ಅಮ್ಮ ಅಂಗಳದ ತಂತಿ ಕಡೆ ನೋಡಿದಳು. ಮಳೆಗೆ ಸಿಕ್ಕಿ ಸೀರೆ, ಟವೆಲ್ಲು ಎಲ್ಲ ಜೋತಾಡುತ್ತಿದ್ದವು. "ಹಾಗಾದ್ರೆ ನಿಂತ್ಕೊಂಡು ನೋಡ್ತೀಯೇನೋ? ಆ ಬಟ್ಟೆ ಎಲ್ಲ ಇನ್ನೊಂದು ಸಲ ಜಾಲಿಸು ಹೋಗು."