ಕೊಟ್ಟಿಗೆಯಲ್ಲೊಂದು ಇಟಲಿ

ನಮ್ಮ ಕೊಟ್ಟಿಗೆಯಲ್ಲಿ ಇಟಲಿಯ ವಸ್ತುವೊಂದು ಇದೆಯೆಂದು ನನಗೆ ಗೊತ್ತಾದದ್ದು ಅದು ಮನೆಗೆ ಬಂದು ಮೂವತ್ತೈದು ವರ್ಷಗಳಾದ ಮೇಲೆ. ಅಲ್ಲಿಯವರೆಗೆ ಅದು ಬರೀ ಅಪ್ಪಯ್ಯನ ಗಾಡಿಯಾಗಿತ್ತು. ತಿಳಿನೀಲಿ ಬಣ್ಣದ ವಿಜಯ್ ಸೂಪರ್ ಸ್ಕೂಟರ್. ಎಡಕ್ಕೆ ಆಕಳು, ಬಲಕ್ಕೆ ಕರಡದ ರಾಶಿ, ನಡುವೆ ಅದು. ಶಿರಸಿ ಪೇಟೆಗೆ ಅಡಿಕೆಯ ಮಾದರಿ ಒಯ್ಯುವುದು, ಬರುವಾಗ ಕಾಲಿಟ್ಟುಕೊಳ್ಳುವ ಜಾಗದಲ್ಲಿ ಹಿಂಡಿಯ ಚೀಲ ನಿಲ್ಲಿಸಿಕೊಂಡು ಬರುವುದು, ರಾತ್ರಿ ತಾಳಮದ್ದಳೆಗೆ ಹೋಗುವುದು, ಇಷ್ಟಕ್ಕೆ ಅದು ಇತ್ತು. ಹಿಂಡಿ ಚೀಲ ಹೊತ್ತ ಗಾಡಿಯ ಕುಲಗೋತ್ರವನ್ನು ಯಾರು ವಿಚಾರಿಸುತ್ತಾರೆ?

ವಿಚಾರಿಸಿದವನು ಹುಬ್ಬಳ್ಳಿಯಿಂದ ಮದುವೆಗೆ ಬಂದ ಒಬ್ಬ ಹುಡುಗ. ಊಟದ ಪಂಕ್ತಿ ಬಿಟ್ಟು ಕೊಟ್ಟಿಗೆಯಲ್ಲಿ ಮಂಡಿಯೂರಿ ಕುಳಿತಿದ್ದ. ಆಕಳಿಗೆ ನಮಸ್ಕಾರ ಮಾಡುತ್ತಿದ್ದಾನೆ, ಪರವಾಗಿಲ್ಲ, ಸಂಸ್ಕಾರವಂತ ಎಂದುಕೊಂಡೆ. ಅವನು ನೋಡುತ್ತಿದ್ದದ್ದು ಸ್ಕೂಟರಿನ ಹೊಟ್ಟೆಯನ್ನು. "ಇದು ಲ್ಯಾಂಬ್ರೆಟ್ಟಾ ಅಲ್ಲವೇ?" ಎಂದ. "ಅಲ್ಲವಪ್ಪ, ವಿಜಯ್ ಸೂಪರ್" ಎಂದೆ. ಅವನು ಕನಿಕರದಿಂದ ನಕ್ಕು ಕಥೆ ಹೇಳಿದ. ಇಟಲಿಯ ಮಿಲಾನ್ ನಗರದ ಲ್ಯಾಂಬ್ರಾಟೆ ಎಂಬಲ್ಲಿ ಇನ್ನೊಚೆಂಟಿ ಎಂಬ ಕಂಪನಿ 1947ರಿಂದ ಮಾಡುತ್ತಿದ್ದ ಸ್ಕೂಟರು ಲ್ಯಾಂಬ್ರೆಟ್ಟಾ. ಅಲ್ಲಿ ವ್ಯಾಪಾರ ಕೆಟ್ಟ ಮೇಲೆ 1972ರಲ್ಲಿ ನಮ್ಮ ಸರಕಾರ ಆ ಯಂತ್ರಗಳನ್ನೇ ಕೊಂಡು ಲಖನೌಗೆ ತಂದು, ಸ್ಕೂಟರ್ಸ್ ಇಂಡಿಯಾ ಎಂಬ ಕಾರ್ಖಾನೆ ಹಾಕಿತು. ನಮ್ಮ ಕಡೆ ಹಳೆಯ ಮನೆ ಕೊಂಡವರು ಕಂಬ, ತೊಲೆ, ಬಾಗಿಲವಾಡ, ಹೆಂಚು ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರಿ ಇನ್ನೊಂದೂರಿನಲ್ಲಿ ನಿಲ್ಲಿಸುತ್ತಾರಲ್ಲ, ಹಾಗೆ. ಆ ಮನೆಯಲ್ಲಿ ಹುಟ್ಟಿದ ಮಗುವೇ ನಮ್ಮ ಕೊಟ್ಟಿಗೆಯದು.

ಕುಲ ಗೊತ್ತಾದದ್ದೇ ನನಗೆ ಕಷ್ಟಕಾಲ ಸುರುವಾಯಿತು. ಅದುವರೆಗೆ ಕೆಟ್ಟರೆ ರಿಪೇರಿ ಮಾಡಿಸುತ್ತಿದ್ದೆ. ಈಗ ಕೆಡದಿದ್ದರೂ ಕಾಳಜಿ ಮಾಡಬೇಕಾಯಿತು. ಜೊತೆಗೆ ಒಂದು ಕೂಟವೂ ಗಂಟುಬಿತ್ತು. ಕುಮಟೆ, ಕಾರವಾರ, ಸಿದ್ದಾಪುರ, ಯಲ್ಲಾಪುರಗಳ ಹತ್ತು ಹನ್ನೆರಡು ಮಂದಿ. ಎಲ್ಲರ ಮನೆಯಲ್ಲೂ ಇಂಥದೊಂದು ಗಾಡಿ, ಅದರ ಮೇಲೆ ಮುನಿಸಿಕೊಂಡ ಒಬ್ಬ ಹೆಂಡತಿ. ಕಾರವಾರದವರೊಬ್ಬರ ಹತ್ತಿರ ಮಾತ್ರ ನಿಜವಾದ ಇಟಲಿಯ ಮೋಟಾರ್ ಸೈಕಲ್ಲಿದೆ, ಹಳೆಯ ಡುಕಾಟಿ. ಬೊಲೊನ್ಯಾ ನಗರದ ಆ ಕಂಪನಿ 1926ರಲ್ಲಿ ಹುಟ್ಟಿದ್ದು ರೇಡಿಯೋದ ಬಿಡಿಭಾಗ ಮಾಡುವುದಕ್ಕಂತೆ. ಇವರು ಕಡಲಗಾಳಿಯ ಉಪ್ಪಿಗೆ ಹೆದರಿ ಅದಕ್ಕೆ ಎರಡು ಹೊದಿಕೆ ಹೊದಿಸುತ್ತಾರೆ, ತಮಗೆ ಒಂದೇ. ಡುಕಾಟಿಯ ಹೆಸರಾಂತ ಡೆಸ್ಮೋ ಎಂಜಿನ್ನುಗಳಲ್ಲಿ ವಾಲ್ವನ್ನು ಮುಚ್ಚುವುದಕ್ಕೆ ಸ್ಪ್ರಿಂಗನ್ನು ನಂಬದೆ, ತೆರೆಯಲು ಒಂದು ಕೈ, ಎಳೆದು ಮುಚ್ಚಲು ಇನ್ನೊಂದು ಕೈ ಇಟ್ಟಿರುತ್ತಾರೆ ಎಂದು ಅವರು ಅಂಗೈ ಆಡಿಸಿ ತೋರಿಸುವುದನ್ನು ನೋಡಿದರೆ ಮೃದಂಗದ ಪಾಠ ನಡೆದಿದೆ ಅನ್ನಿಸಬೇಕು. ಗಾಡಿ ಓಡಿದ್ದನ್ನು ನಾನು ಎರಡು ಸಲ ಕಂಡಿದ್ದೇನೆ.

ನನ್ನ ನಿಜವಾದ ಎದುರಾಳಿ ಕುಮಟೆಯ ಭಾವ. ಅವನದ್ದು ಬಜಾಜ್ ಚೇತಕ್, ಇಟಲಿಯ ವೆಸ್ಪಾ ಸ್ಕೂಟರಿನ ವಂಶದ್ದು. ಯಕ್ಷಗಾನದಲ್ಲಿ ಬಡಗುತಿಟ್ಟಿನವರಿಗೂ ತೆಂಕುತಿಟ್ಟಿನವರಿಗೂ ಇರುವ ಹಾಗೆ ವೆಸ್ಪಾದವರಿಗೂ ಲ್ಯಾಂಬ್ರೆಟ್ಟಾದವರಿಗೂ ಒಂದು ವ್ಯಾಜ್ಯವಿದೆ, ತೀರ್ಪಿಲ್ಲದ್ದು. ವೆಸ್ಪಾ ಮಾಡಿದ ಪಿಯಾಜಿಯೋ ಮೊದಲು ವಿಮಾನ ಮಾಡುತ್ತಿದ್ದ ಕಂಪನಿ. ಯುದ್ಧ ಮುಗಿದ ಮೇಲೆ 1946ರಲ್ಲಿ ಸ್ಕೂಟರು ತಂದಿತು. ರೂಪಿಸಿದವನು ದಾಸ್ಕಾನಿಯೋ ಎಂಬ ವಿಮಾನದ ಎಂಜಿನಿಯರ್. ಹಾಗಾಗಿ ಅದಕ್ಕೆ ಬೇರೆ ಎಲುಬಿಲ್ಲ, ತಗಡೇ ಮೈ, ತಗಡೇ ಮೂಳೆ. ಇನ್ನೊಚೆಂಟಿಯವರು ಉಕ್ಕಿನ ಕೊಳವೆ ಮಾಡುವವರು. ಅವರ ಸ್ಕೂಟರಿಗೆ ಕೊಳವೆಯ ಬೆನ್ನೆಲುಬು, ಮೇಲೆ ತಗಡಿನ ಅಂಗಿ. ನಮ್ಮ ಮಳೆಗೆ ಎರಡೂ ಒಂದೇ, ಎರಡನ್ನೂ ತಿನ್ನುತ್ತದೆ. ಆದರೆ ನನ್ನದರ ಅಂಗಿ ತುಕ್ಕು ಹಿಡಿದರೆ ಬದಲಿಸಬಹುದು, ಭಾವನದ್ದರ ಅಡಿ ತುಕ್ಕು ಹಿಡಿದರೆ ಗಾಡಿಯ ನಡುವೇ ಹೋದಂತೆ. ಇದನ್ನು ಹೇಳಿದಾಗಲೆಲ್ಲ ಅವನು ಮಾತು ಬದಲಿಸಿ, "ನಿನ್ನದು ಸರಪಳಿ ಕಟ್ಟಿದ ನಾಯಿ" ಎನ್ನುತ್ತಾನೆ. ಲ್ಯಾಂಬ್ರೆಟ್ಟಾದ ಎಂಜಿನ್ನಿನೊಳಗೆ ಚೈನು ಇರುವುದು ನಿಜ. ಆದರೆ ಅವನ ಎಂಜಿನ್ನು ಬಲಪಕ್ಕೆಯಲ್ಲಿ ಜೋತುಬಿದ್ದಿದೆ, ನನ್ನದು ನಡುವೆ ಇದೆ ಎನ್ನುವುದೂ ಅಷ್ಟೇ ನಿಜ. ಅವನು ತಾಳಮದ್ದಳೆಯಲ್ಲಿ ಅರ್ಥ ಹೇಳುವವನು, ಕೃಷ್ಣನಾಗಿ ಕೌರವನ ಸಭೆಯಲ್ಲೇ ಸೋತವನಲ್ಲ, ನನಗೆ ಸೋಲುತ್ತಾನೆಯೇ? ಕೊನೆಗೆ ನಾನು ನನ್ನ ಬಾಣ ಬಿಡುತ್ತೇನೆ: ಬಜಾಜಿಗೆ ಇಟಲಿಯ ವೆಸ್ಪಾದವರ ಜೊತೆಗಿದ್ದ ಒಪ್ಪಂದ 1971ರಲ್ಲಿ ಮುಗಿದ ಮೇಲೆ ಬಂದದ್ದು ಚೇತಕ್, ಅದು ರಾಣಾ ಪ್ರತಾಪನ ಕುದುರೆಯ ಹೆಸರು. "ನಿನ್ನದು ರಜಪೂತ, ಇಟಲಿಯಲ್ಲ." "ನಿನ್ನದು ಲಖನೌ ನವಾಬ, ಒದೆಯದೆ ಏಳುವುದಿಲ್ಲ" ಎನ್ನುತ್ತಾನೆ. ಅಷ್ಟರಲ್ಲಿ ಅಕ್ಕ ಊಟಕ್ಕೆ ಕರೆಯುತ್ತಾಳೆ.

ಒದೆಯದೆ ಏಳುವುದಿಲ್ಲ, ಒಪ್ಪಿದೆ. ಮಳೆಗಾಲದಲ್ಲಿ ಒದ್ದರೂ ಏಳುವುದಿಲ್ಲ. ಪ್ಲಗ್ಗು ಬಿಚ್ಚಿ, ಮರಳುಕಾಗದದಲ್ಲಿ ಉಜ್ಜಿ, ಒಲೆಯ ದಂಡೆಯ ಮೇಲೆ ಹಪ್ಪಳದಂತೆ ಬಿಸಿ ಮಾಡಿ ಹಾಕಬೇಕು. ಸೈಲೆನ್ಸರಿನೊಳಗೆ ಎಣ್ಣೆಯ ಮಸಿ ಕಟ್ಟಿಕೊಂಡು ಗಾಡಿಗೆ ಉಬ್ಬಸ ಬಂದಾಗ ಅಪ್ಪಯ್ಯ ಅದನ್ನು ಬಿಚ್ಚಿ ಬಚ್ಚಲ ಒಲೆಗೆ ಹಾಕುತ್ತಿದ್ದ. ಒಮ್ಮೆ ಅಡಿಕೆ ಬೇಯಿಸುವ ಒಲೆಗೇ ಹಾಕಿಬಿಟ್ಟ. ಆ ವರ್ಷದ ಕೆಂಪಡಿಕೆಗೆ ದರ ಬಾರದಿದ್ದದ್ದು ಅದರ ಹೊಗೆಯಿಂದಲೇ ಎಂದು ಆಯಿ ಕೊನೆಯವರೆಗೂ ನಂಬಿದ್ದಳು. ಈಗ ಬಂದಿರುವ ಎಥನಾಲ್ ಬೆರೆಸಿದ ಪೆಟ್ರೋಲು ಇನ್ನೊಂದು ಪೀಡೆ. ಎಥನಾಲಿಗೆ ನೀರಿನ ಮೋಹ. ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆಷಾಢದ ಶಿರಸಿಯಲ್ಲಿ ತೇವಕ್ಕೇನು ಬರವೇ? ಹಾಗಾಗಿ ಜೂನ್ ಬರುತ್ತಲೇ ಪೆಟ್ರೋಲಿನ ನಲ್ಲಿ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದನ್ನು ಕುಡಿದು ಅದು ತಾನಾಗಿ ನಿಲ್ಲುವವರೆಗೆ ಓಡಿಸಿ, ಮೇಲೆ ಗೋಣಿ ಹೊದಿಸುತ್ತೇನೆ.

ಅಪ್ಪಯ್ಯನಿಗೆ ಇಟಲಿ ಗೊತ್ತಿರಲಿಲ್ಲ, ಎಂಜಿನ್ನು ಗೊತ್ತಿತ್ತು. ದೇವಿಮನೆ ಘಟ್ಟ ಇಳಿಯುವಾಗ ಪ್ರತಿ ತಿರುವಿನಲ್ಲೂ ಅವನು ಕಾರಣವಿಲ್ಲದೆ ಒಮ್ಮೆ ಎಕ್ಸಲೇಟರು ತಿರುವುತ್ತಿದ್ದ. ಹಿಂದೆ ಕುಳಿತ ನನಗೆ ಅದು ಹಾಡಿನ ನಡುವೆ ಚಂಡೆ ಬಾರಿಸಿದ ಹಾಗೆ ಕೇಳುತ್ತಿತ್ತು. ಕಾರಣ ತಿಳಿದದ್ದು ನಾನೇ ಓಡಿಸಲು ತೊಡಗಿದ ಮೇಲೆ. ಇಂಥ ಎಂಜಿನ್ನಿಗೆ ಎಣ್ಣೆ ಬೇರೆಯಾಗಿ ಹೋಗುವುದಿಲ್ಲ, ಪೆಟ್ರೋಲಿನ ಜೊತೆಗೇ ಹೋಗುತ್ತದೆ. ಇಳಿಜಾರಿನಲ್ಲಿ ಎಕ್ಸಲೇಟರು ಮುಚ್ಚಿದರೆ ಪೆಟ್ರೋಲು ನಿಲ್ಲುತ್ತದೆ, ಎಣ್ಣೆಯೂ ನಿಲ್ಲುತ್ತದೆ, ಚಕ್ರ ಮಾತ್ರ ಎಂಜಿನ್ನನ್ನು ಒಣಗಿದ ಬಾಯಲ್ಲೇ ತಿರುಗಿಸುತ್ತಿರುತ್ತದೆ. ನಡುನಡುವೆ ಒಂದು ಗುಟುಕು ಕೊಡದಿದ್ದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಅಪ್ಪಯ್ಯನಿಗೆ ಇದು ಅಭ್ಯಾಸವಾಗಿ, ಮನೆಯ ಮುಂದಿನ ಸಣ್ಣ ಇಳುಕಲಿನಲ್ಲೂ ಒಂದು ಸಲ ತಿರುವುತ್ತಿದ್ದ. ಅದು ಕೇಳಿಸಿದೊಡನೆ ಆಯಿ ಬಾಳೆಲೆ ಹಾಕುತ್ತಿದ್ದಳು.

ಇನ್ನು ಬೆಲೆಯ ಮಾತು. ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದೆಂದು 2021ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ಶುಲ್ಕ 20,000 ರೂಪಾಯಿ. ನನ್ನದು 1981ರದ್ದು, ಇನ್ನೂ ವಯಸ್ಸು ಸಾಲದು. ಮಾಲೀಕನ ವಯಸ್ಸು ಹಿಡಿಯುವುದಾದರೆ ಎಂದೋ ಆಗುತ್ತಿತ್ತು. ಅದರ ಜೊತೆಗೆ ಗಾಡಿ ಮೂಲರೂಪದಲ್ಲೇ ಇರಬೇಕೆಂಬ ಷರತ್ತು ಬೇರೆ.

ಹೋದ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಒಬ್ಬರು ಕೊಳ್ಳಲು ಬಂದಾಗ ಈ ಮೂಲರೂಪದ ಪ್ರಶ್ನೆ ಎದ್ದಿತು. ಮಾರುವ ಮನಸ್ಸು ನನಗಿರಲಿಲ್ಲ. ಆದರೆ ಬೆಲೆ ಕೇಳಿಸಿಕೊಳ್ಳುವ ಚಪಲ ಇತ್ತು. ಅವರು ಪುಟ್ಟ ಪುಸ್ತಕ ತೆರೆದು ಒಂದೊಂದೇ ವಿಚಾರಿಸಿದರು. ಸೀಟು? ಸಿದ್ದಾಪುರದಲ್ಲಿ ಸೋಫಾ ಹೊಲಿಯುವವನದ್ದು. ಕಾರ್ಬ್ಯುರೇಟರ್? ಹುಬ್ಬಳ್ಳಿಯ ಗುಜರಿಯದ್ದು. ಸ್ಪೀಡೋಮೀಟರ್? ಅದು ಲಖನೌದ್ದೇ, ಆದರೆ ನಿಂತಾಗಲೂ ನಲವತ್ತು ತೋರಿಸುತ್ತದೆ. ಬಣ್ಣ? ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಮನೆಯ ಬಾಗಿಲಿಗೆ ತಂದದ್ದು ಉಳಿದಿತ್ತು. ಅವರ ಮುಖ ಸಣ್ಣಗಾಗುತ್ತ ಬಂದಿತು. ಆಗ ಜಗಲಿಯಲ್ಲಿ ಕವಳ ಹಾಕುತ್ತ ಕುಳಿತಿದ್ದ ಭಾವ ಎದ್ದು ಬಂದ. ಇಷ್ಟು ವರ್ಷ ನನ್ನ ಗಾಡಿಯನ್ನು ನಾಯಿ ಎಂದವನು, ಕವಳ ಉಗಿದು ಬಂದು, ಇನ್ನೊಚೆಂಟಿಯಿಂದ ಹಿಡಿದು ಲಖನೌವರೆಗೆ, ಕೊಳವೆಯ ಬೆನ್ನೆಲುಬು, ನಡುವಿನ ಎಂಜಿನ್ನು, ಎಲ್ಲವನ್ನೂ ಅರ್ಧ ತಾಸು ಪೀಠಿಕೆಯ ಸಮೇತ ವರ್ಣಿಸಿದ. ಪರಪಕ್ಷದ ಅರ್ಥವನ್ನು ಅಷ್ಟು ಚೆನ್ನಾಗಿ ಹೇಳಬಲ್ಲವನೆಂದು ನನಗೆ ಗೊತ್ತಿರಲಿಲ್ಲ. ಬಂದವರು ತಲೆದೂಗಿ, ನಾನು ನಿರೀಕ್ಷಿಸಿದ್ದಕ್ಕಿಂತ ಎರಡು ಪಾಲು ಹೇಳಿದರು.

ಆಮೇಲೆ ಎಡಪಕ್ಕದ ಮುಚ್ಚಳದ ಮೇಲಿದ್ದ ತಗ್ಗನ್ನು ಬೆರಳಿನಿಂದ ಸವರಿ, "ಇದು ಅಪಘಾತವೇ?" ಎಂದರು. ಅಲ್ಲ, ಅಂಗಳದ ಹಲಸು. ಅಪ್ಪಯ್ಯ ಒಂದು ಮಧ್ಯಾಹ್ನ ಊಟಕ್ಕೆಂದು ಮರದಡಿ ನಿಲ್ಲಿಸಿ ಬಂದಿದ್ದಾಗ ಬಿದ್ದದ್ದು. ಗಟ್ಟಿ ತೊಳೆಯ ಬಕ್ಕೆ ಹಣ್ಣು, ಹಾಗಾಗಿ ಪೆಟ್ಟು ಜೋರು.

"ಇದೊಂದನ್ನು ತೆಗೆಸಿಬಿಡಿ, ಇನ್ನೂ ಹತ್ತು ಸಾವಿರ ಸೇರಿಸುತ್ತೇನೆ" ಎಂದರು.

ನಾನು ಉತ್ತರ ಹುಡುಕುತ್ತಿದ್ದೆ. ಭಾವ ಮೇಲಕ್ಕೆ ನೋಡಿದ. ಬುಡದಿಂದ ಕೊಂಬೆಯವರೆಗೆ ಎಳೆಗುಜ್ಜೆ ಕಚ್ಚಿ ನಿಂತಿತ್ತು.

"ತೆಗೆಸಬಹುದು. ಆದರೆ ಮರ ಇನ್ನೂ ಇಲ್ಲೇ ಇದೆಯಲ್ಲ" ಎಂದ.