ಎಂಗೊ ನಾಲ್ಕೇ ಜೆನ

ಬಿಸುವಿಗೆ, ಅಂದರೆ ವಿಷು ಹಬ್ಬಕ್ಕೆ, ಇನ್ನು ಒಂದು ವಾರ ಎನ್ನುವಾಗ ಕಾಸರಗೋಡಿನ ಕುಂಬಳೆ ಸೀಮೆಯ ಹವ್ಯಕರ ಮನೆಗಳಲ್ಲಿ ಫೋನು ಬಡಿದುಕೊಳ್ಳಲು ಸುರು. ಆಚೆಯಿಂದ ಬರುವ ಮಾತು ಒಂದೇ: ‘ಎಂಗೊ ನಾಲ್ಕೇ ಜೆನ’, ನಾವು ನಾಲ್ಕೇ ಜನ. ಈ ನಾಲ್ಕು ಎಂಬುದು ಕಾರಿನ ಸೀಟಿನ ಲೆಕ್ಕ. ಮಡಿಲಲ್ಲಿ ಕೂರುವ ಮಕ್ಕಳು, ಹಿಂದಿನಿಂದ ಬೈಕಿನಲ್ಲಿ ಬರುವ ಭಾವನ ಮಗ, ಬದಿಯಡ್ಕ ಪೇಟೆಯಲ್ಲಿ ಹತ್ತಿಸಿಕೊಳ್ಳುವ ಸಣ್ಣತ್ತೆ, ಅವರ ಜೊತೆ ರಜೆಗೆ ಬಂದ ಗೆಳತಿ, ಇವರು ಯಾರೂ ಅದರಲ್ಲಿ ಸೇರಿಲ್ಲ. ಹಾಗಾಗಿ ಫೋನಿನಲ್ಲಿ 32 ಎಂದಾದರೆ ತೋಟದಲ್ಲಿ 40 ಎಲೆ ಕೊಯ್ಯಬೇಕು. ಈ ಕಾಲು ಭಾಗದ ಹೆಚ್ಚುವರಿಗೆ ಶಾಸ್ತ್ರಾಧಾರ ಇಲ್ಲ. ಅಂಗಳದಲ್ಲಿ ನಿಂತ ವಾಹನಗಳೇ ಆಧಾರ.

ಮುಂದೆ ಹೇಳುವ ಹಬ್ಬದೂಟದ ಅಳತೆಯೆಲ್ಲ ಆ 40 ಎಲೆಗೆ.

ಬೆಳ್ತಿಗೆ (ಬಿಳಿ) ಅಕ್ಕಿ ತಲೆಗೆ 100 ಗ್ರಾಂ. ಅಂದರೆ 4 ಕಿಲೋ, ಧೈರ್ಯಕ್ಕೆ ಇನ್ನೊಂದು ಅರ್ಧ. ದಿನಾ ಮೂರು ಸಲ ಅನ್ನ ಹಾಕಿಸಿಕೊಳ್ಳುವವರೂ ಹಬ್ಬದ ದಿನ ಪಾಯಸಕ್ಕೆ ಹೊಟ್ಟೆಯಲ್ಲಿ ಜಾಗ ಕಾದಿಟ್ಟು ಕೂರುತ್ತಾರೆ. ಕುಚ್ಚಲಕ್ಕಿ ಇಲ್ಲದೆ ಊಟ ಮಾಡಿದ ಹಾಗೇ ಆಗದ ಹಿರಿಯರು ಎರಡು ಮೂರು ಜನ ಇದ್ದೇ ಇರುತ್ತಾರೆ. ಅವರಿಗೆ ಅರ್ಧ ಕಿಲೋ ಬೇರೆ ಪಾತ್ರೆಯಲ್ಲಿ, ಎಲ್ಲಕ್ಕಿಂತ ಮೊದಲು. ಕುಚ್ಚಲಕ್ಕಿ ಬೇಯಲು ಮುಕ್ಕಾಲರಿಂದ ಒಂದು ಗಂಟೆ ಬೇಕು, ಬೆಳ್ತಿಗೆಗೆ ಕುದಿ ಬಂದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಬಸಿದ ಬೆಳ್ತಿಗೆ ಅನ್ನವನ್ನು ಹಾಗೇ ಗುಡ್ಡೆ ಹಾಕಿ ಮುಚ್ಚಿಟ್ಟರೆ ಒಳಗಿನ ಬಿಸಿಗೆ ಅದು ಇನ್ನೂ ಬೇಯುತ್ತಾ ಹೋಗಿ, ಬಡಿಸುವ ಹೊತ್ತಿಗೆ ಸಟ್ಟುಗದಲ್ಲಿ ಕೊಯ್ದು ತೆಗೆಯುವ ಹಾಗಾಗುತ್ತದೆ. ಅಗಲಕ್ಕೆ ಹರಡಿ ಉಸಿರಾಡಲು ಬಿಡಬೇಕು.

ಪದಾರ್ಥಗಳ ಪಟ್ಟಿ ಬರೆಯುವಾಗ ಪೆನ್ನು ಒಬ್ಬರ ಕೈಯಲ್ಲೇ ಇರಲಿ. ಜಗಲಿಯಲ್ಲಿ ಕೂತು ಬರೆದರೆ ಪ್ರತಿಯೊಬ್ಬರಿಗೂ ಒಂದೊಂದು ನೆನಪಾಗುತ್ತದೆ: ಅನಾನಸಿನ ಮೆಣಸ್ಕಾಯಿ, ಮಾವಿನ ಹಣ್ಣಿನ ಸಾಸಮೆ, ಹೋಳಿಗೆ, ಎರಡನೆಯ ಪಾಯಸ. ನೆನಪಾದವರು ಅಡುಗೆ ದಿನ ಹನ್ನೆರಡೂವರೆಗೆ ಬರುವವರು. ಎರಡು ಒಲೆ, ನಾಲ್ಕು ಕೈ ಇರುವ ಮನೆಗೆ ಕೋಸಂಬರಿ, ಗುಜ್ಜೆ (ಎಳೆ ಹಲಸು) ಕಡ್ಲೆ ಪಲ್ಯ, ಅವಿಲು (ಮಲಯಾಳದ ಅವಿಯಲ್), ಸಾರು, ಸೌತೆಕಾಯಿ ಬೆಂದಿ (ಹುಳಿ), ಕುಂಬಳದ ಮೇಲಾರ (ಮಜ್ಜಿಗೆಹುಳಿ), ಒಂದು ಪಾಯಸ ಧಾರಾಳ. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಹೇಗೂ ಉಂಟು. ಹೋಳಿಗೆಯನ್ನು ನಲವತ್ತು ಜನಕ್ಕೆ ಮನೆಯಲ್ಲೇ ಬೇಯಿಸುತ್ತೇವೆ ಎನ್ನುವವರು ಹಬ್ಬವನ್ನು ಕಾವಲಿಯ ಮುಂದೆಯೇ ಕಳೆಯಲು ಮನಸ್ಸು ಮಾಡಿದವರು, ಅವರನ್ನು ತಡೆಯಬಾರದು.

ಇನ್ನು ಪೇಟೆ. ವಿಷುವಿನ ಹಿಂದಿನ ದಿನ ಕಾಸರಗೋಡಿನ ಮಾರುಕಟ್ಟೆಗೆ ಬೆಂಗಳೂರಿನಿಂದ ಬಂದ ಸೊಸೆಯನ್ನೋ ಅಳಿಯನನ್ನೋ ಕಳಿಸಿದರೆ ಭಾಷೆಯೇ ಸಾಮಾನು ಬದಲಿಸುತ್ತದೆ. ಇಲ್ಲಿ ಕುಂಬಳ ಎಂದರೆ ಬೂದುಗುಂಬಳ, ಮಲಯಾಳದ ಕುಂಬಳಂಗವೂ ಅದೇ. ಬೆಂಗಳೂರಿನ ಕಣ್ಣಿಗೆ ಕುಂಬಳಕಾಯಿ ಕೆಂಪಗೆ ಕಾಣುತ್ತದೆ. ಅದಕ್ಕೆ ಇಲ್ಲಿ ಚೀನಿಕಾಯಿ, ಮಲಯಾಳದಲ್ಲಿ ಮತ್ತಂಗ. ಸೌತೆಕಾಯಿ ತನ್ನಿ ಎಂದರೆ ಅವರು ತರುವುದು ಮುಳ್ಳುಸೌತೆ, ಬೆಂದಿಗೆ ಬೇಕಾದದ್ದು ವಿಷುವಿನ ಬೆಳಗ್ಗೆ ನೋಡುವ ಕಣಿಗೆ ಇಡುವ ಹಳದಿ ಸೌತೆ. ಬೇವಿನ ಸೊಪ್ಪು ಎಂದು ಚೀಟಿಯಲ್ಲಿ ಬರೆದರೆ ಒಗ್ಗರಣೆಗೆ ಕಹಿಬೇವು ಬಂದು ಬೀಳುವ ಅಪಾಯ ಉಂಟು, ಕರಿಬೇವು ಎಂದೇ ಬರೆಯಿರಿ. ಎಲ್ಲಕ್ಕಿಂತ ಮೋಸದ್ದು ಸಕ್ಕರೆ. ಗಡಿಬಿಡಿಯ ಅಂಗಡಿಯಲ್ಲಿ ಅದು ಶರ್ಕರ ಎಂದು ಕೇಳಿಸಿದರೆ ಸಿಗುವುದು ಬೆಲ್ಲ. ಮಲಯಾಳಿಗೆ ನಮ್ಮ ಸಕ್ಕರೆ ಪಂಚಸಾರ. ಮನೆಗೆ ಬಂದು ಚೀಲ ಬಿಚ್ಚಿದರೆ ಪಾಯಸಕ್ಕೆ ತಂದ ಎರಡು ಕಿಲೋ ಬೆಲ್ಲ, ಚಹಾಕ್ಕೆ ತಂದ ಮೂರು ಕಿಲೋ ಬೆಲ್ಲ.

ತೆಂಗಿನಕಾಯಿಯ ಲೆಕ್ಕದಲ್ಲಿ ಎಡವದ ಮನೆ ಇಲ್ಲ. ತೆಂಗಿನ ಸಂಶೋಧನಾ ಕೇಂದ್ರ ಕಾಸರಗೋಡಿನಲ್ಲಿ ಸುರುವಾದದ್ದು 1916ರಲ್ಲಿ. ನೂರು ವರ್ಷ ದಾಟಿದರೂ ಅಡುಗೆಮನೆಯ ಪ್ರಶ್ನೆಗೆ ಸಿಗುವ ಉತ್ತರ ‘ಒಂದು ಹತ್ತು ಹದಿನೈದು ಒಡೆಯಿರಿ’ ಎಂಬುದೇ. ಕೂಡಿಸಿ ನೋಡಿ: ಅವಿಲಿಗೆ 4, ಮೇಲಾರಕ್ಕೆ 4, ಬೆಂದಿಗೆ 3, ಪಲ್ಯಕ್ಕೆ 2, ಕೋಸಂಬರಿಗೆ 1, ಪಾಯಸದ ಹಾಲಿಗೆ 7. ಒಟ್ಟು 21. ಒಡೆದಾಗ ಒಳಗೆ ಕೆಟ್ಟಿರುವುದಕ್ಕೆ ಇನ್ನೂ 3. ಸಾಧಾರಣ ಕಾಯಿಗೆ ಕಾಲು ಕಿಲೋದಷ್ಟು ತುರಿ ಎಂದರೂ ಐದು ಕಿಲೋಗೆ ಮೇಲೆ ಆಯಿತು. ಕೆರೆಮಣೆಯಲ್ಲಿ ಕೂತವರ ಸೊಂಟವನ್ನೂ ಲೆಕ್ಕಕ್ಕೆ ಹಿಡಿದು, ಎರಡು ಕೆರೆಮಣೆ ಹಾಕುವುದು ಒಳ್ಳೆಯದು. ತುರಿಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ಇಡಬಹುದು, ಅರೆದು ಇಡಬಾರದು. ಏಪ್ರಿಲಿನ ಸೆಕೆಗೆ ಅರೆದ ಕಾಯಿ ಬೇಗ ಹುಳಿ ಬಡಿಯುತ್ತದೆ. ಬೆಳಗ್ಗೆ ಐದಕ್ಕೆ ಗ್ರೈಂಡರು ತಿರುಗಲಿ. ಕರೆಂಟು ಹೋಗುವುದು ಯಾವಾಗಲೂ ಅವಿಲಿನ ಕಾಯಿ ಅರ್ಧ ಅರೆದಾಗಲೇ. ಹಾಗಾದರೆ ಬೇಸರ ಬೇಡ, ಅವಿಲಿಗೆ ಬೇಕಾದದ್ದು ತರಿತರಿಯೇ.

ನಾಲ್ಕು ಜನದ ಅಡುಗೆಯನ್ನು ಹತ್ತರಿಂದ ಗುಣಿಸಿದರೆ ನಲವತ್ತು ಜನದ ಅಡುಗೆ ಆಗುವುದಿಲ್ಲ. ಎಲ್ಲ ಅವಘಡಗಳ ಬೇರು ಇರುವುದು ಇಲ್ಲೇ. ತರಕಾರಿ, ಬೇಳೆ, ಕಾಯಿಯನ್ನು ಗುಣಿಸಿ. ನೀರನ್ನು ಗುಣಿಸಬೇಡಿ. ದೊಡ್ಡ ಕೊಪ್ಪರಿಗೆಯಲ್ಲಿ ಪದಾರ್ಥದ ಪ್ರಮಾಣಕ್ಕೆ ಹೋಲಿಸಿದರೆ ಬಾಯಿ ಸಣ್ಣದು, ಆವಿಯಾಗಿ ಹೋಗುವ ನೀರು ಕಡಿಮೆ. ಹತ್ತು ಪಾಲು ನೀರು ಹೊಯ್ದ ಬೆಂದಿಯಲ್ಲಿ ಸೌತೆ ಹೋಳುಗಳು ಮಳೆಗಾಲದ ಹೊಳೆಯ ಸೌದೆಯಂತೆ ತೇಲುತ್ತವೆ. ಏಳು ಪಾಲಿನಿಂದ ಸುರು ಮಾಡಿ, ಬೇಕಾದರೆ ಬಿಸಿನೀರು ಸೇರಿಸಿದರಾಯಿತು. ಒಗ್ಗರಣೆಯ ಎಣ್ಣೆ ಸಾಸಿವೆಗೂ ಹತ್ತು ಪಾಲು ಬೇಡ, ನಾಲ್ಕೈದು ಪಾಲು ಸಾಕು. ಇನ್ನು ಬಿಸಿ: ಹತ್ತು ಲೀಟರಿನ ಪದಾರ್ಥ ಒಲೆಯಿಂದ ಇಳಿಸಿದ ಮೇಲೂ ಬಹಳ ಹೊತ್ತು ಒಳಗೊಳಗೇ ಬೇಯುತ್ತದೆ. ಹೋಳು ಮುಕ್ಕಾಲು ಬೆಂದಾಗಲೇ ಇಳಿಸಬೇಕು. ಮನೆಯ ಸಣ್ಣ ಪಾತ್ರೆಯ ಅಭ್ಯಾಸದಲ್ಲಿ ಪೂರ್ತಿ ಬೇಯಿಸಿದರೆ ಊಟದ ಹೊತ್ತಿಗೆ ಅದು ಸೌತೆಯ ಗೊಜ್ಜು.

ಉಪ್ಪಿಗೆ ಕೈಯ ಅಂದಾಜು ಸಾಲದು, ತಕ್ಕಡಿ ಬೇಕು. ಲೀಟರಿಗೆ 8 ಗ್ರಾಂನಂತೆ ಮೊದಲು ಹಾಕಿ, ರುಚಿ ನೋಡಿ 10ರವರೆಗೆ ಹೋಗಬಹುದು. ಉಪ್ಪು ಹಾಕುವವರು ಒಬ್ಬರೇ ಇರಬೇಕು ಎಂಬುದು ಇದಕ್ಕಿಂತ ದೊಡ್ಡ ನಿಯಮ. ಅಡುಗೆಮನೆಗೆ ನೀರು ಕುಡಿಯಲು ಬಂದ ಅತ್ತೆ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ಚಪ್ಪರಿಸಿ, ‘ಉಪ್ಪು ರಜ್ಜ ಕಮ್ಮಿ’ ಎಂದು ಒಂದು ಹಿಡಿ ಹಾಕಿ ಹೋಗುತ್ತಾರೆ. ಹತ್ತು ನಿಮಿಷ ಬಿಟ್ಟು ಅತ್ತಿಗೆ ಬರುತ್ತಾರೆ. ಜಾಸ್ತಿಯಾದ ಉಪ್ಪನ್ನು ಬಟಾಟೆ ಹೀರುತ್ತದೆ ಎಂಬುದನ್ನು ನಂಬಬೇಡಿ; ಬಟಾಟೆ ತನ್ನ ಪಾಲಿನ ಉಪ್ಪುನೀರು ಕುಡಿದು ಸುಮ್ಮನಾಗುತ್ತದೆ, ಉಳಿದ ರಸ ಇದ್ದ ಹಾಗೆಯೇ ಇರುತ್ತದೆ. ಉಪ್ಪಿಲ್ಲದ ಬೇಯಿಸಿದ ಬೇಳೆ, ನೀರು, ಕಾಯಿ ಸೇರಿಸಿ ಹಿಗ್ಗಿಸುವುದೊಂದೇ ದಾರಿ. ಅದಕ್ಕೇ ಬೆಂದ ಬೇಳೆಯನ್ನು ಒಂದು ಲೀಟರಿನಷ್ಟು ಉಪ್ಪು ಹಾಕದೆ ಎತ್ತಿಡುವುದು ಜಾಣತನ.

ಸೌತೆ ಕೊರೆಯುವಾಗ ಪ್ರತಿಯೊಂದು ಕಾಯಿಯ ತೊಟ್ಟಿನ ಕಡೆಯ ಚೂರನ್ನು ನಾಲಿಗೆಗೆ ಮುಟ್ಟಿಸಿ. ಒಂದು ಕಹಿ ಸೌತೆ ಹತ್ತು ಲೀಟರು ಬೆಂದಿಯನ್ನು ಕಷಾಯ ಮಾಡಬಲ್ಲದು, ಬೆಲ್ಲ ಹಾಕಿದರೂ ಅದು ಬೆಲ್ಲದ ಕಷಾಯ. ಗುಜ್ಜೆಗೆ ಮೆಟ್ಟುಕತ್ತಿಗೂ ಕೈಗೂ ತೆಂಗಿನೆಣ್ಣೆ ಹಚ್ಚದೆ ಕೂತರೆ ಮೇಣ ಹಿಡಿದು, ಫೋನೆತ್ತಿದವರ ಕಿವಿಗೆ ಫೋನೇ ಅಂಟಿಕೊಳ್ಳುತ್ತದೆ. ಹೋಳುಗಳನ್ನು ಕೂಡಲೇ ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಪಲ್ಯದ ಕಡ್ಲೆಯನ್ನು, ಮುಕ್ಕಾಲು ಕಿಲೋ ಸಾಕು, ರಾತ್ರಿಯೇ ನೆನೆಹಾಕಬೇಕು. ಮರೆತವರು ಬೆಳಗ್ಗೆ ಬಿಸಿನೀರಲ್ಲಿ ಹಾಕಿ ಕುಕ್ಕರಿನಲ್ಲಿ ಹತ್ತು ಸೀಟಿ ಹೊಡೆಸುತ್ತಾರೆ. ಸೀಟಿ ಊರಿಗೆಲ್ಲ ಕೇಳುತ್ತದೆ, ಕಡ್ಲೆಗೆ ಕೇಳುವುದಿಲ್ಲ.

ಅವಿಲು ನೀರಾಗುವುದಕ್ಕೆ ಕಾರಣ ಕುಂಬಳ, ಸೌತೆಯನ್ನು ಮೊದಲೇ ಹಾಕುವುದು. ಕ್ರಮ ಹೀಗೆ: ಮೊದಲು ಸುವರ್ಣಗೆಡ್ಡೆ, ಆಮೇಲೆ ಬಾಳೆಕಾಯಿ, ಅಲಸಂಡೆ, ನುಗ್ಗೆ, ಕೊನೆಗೆ ನೀರು ಬಿಡುವ ಜಾತಿಯವು. ಒಟ್ಟು 4 ಕಿಲೋ ಹೋಳುಗಳಿಗೆ ಅರ್ಧ ಲೀಟರು ನೀರು ಸಾಕು, ಉಳಿದದ್ದನ್ನು ಅವೇ ಬಿಡುತ್ತವೆ. ಸುವರ್ಣಗೆಡ್ಡೆ ತುರಿಸುವುದು ಅದರೊಳಗಿನ ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ. ಹುಳಿನೀರಲ್ಲಿ ನೆನೆಸಿ, ಚೆನ್ನಾಗಿ ಬೇಯಿಸಿದರೆ ಸುಮ್ಮನಿರುತ್ತದೆ. ಅರೆಬೆಂದರೆ ಇಡೀ ಪಂಕ್ತಿ ಗಂಟಲು ಸರಿಮಾಡಿಕೊಳ್ಳುತ್ತಾ, ಯಾರೂ ಯಾರಿಗೂ ಹೇಳದೆ, ಮಜ್ಜಿಗೆ ಕೇಳುತ್ತದೆ. ಕೊನೆಗೆ ಒಲೆ ಆರಿಸಿ, 150 ಮಿಲಿ ಹಸಿ ತೆಂಗಿನೆಣ್ಣೆ, ಕೈತುಂಬ ಕರಿಬೇವು ಹಾಕಿ ಮುಚ್ಚಿಬಿಡಿ. ಸೌಟು ಹಾಕಿ ತಿರುವಿದರೆ ಬಾಳೆಕಾಯಿ ಮುದ್ದೆ. ಪಾತ್ರೆಯ ಎರಡು ಕಿವಿ ಹಿಡಿದು ಕುಲುಕಬೇಕು.

ಮೇಲಾರ ಒಡೆಯದಿರಲು ಕಾಯಿಯ ಜೊತೆ ನೆನೆಸಿದ ಅಕ್ಕಿ ನಾಲ್ಕು ಚಮಚ ಅರೆಯಿರಿ. ಮೊಸರು ಹಾಕಿದ ಮೇಲೆ ಕುದಿ ಏಳಲು ಬಿಡಬೇಡಿ, ಬದಿಯಲ್ಲಿ ಗುಳ್ಳೆ ಕಂಡಾಗಲೇ ಇಳಿಸಿ. ಇಷ್ಟೇ.

ಪಾಯಸದ ಹತ್ತಿರ ಮಾತ್ರ ನಿಲ್ಲಬೇಕು. ಹೆಸರುಬೇಳೆ 1 ಕಿಲೋ, ಬೆಲ್ಲ 2 ಕಿಲೋ, ಕಾಯಿ 7, ಏಲಕ್ಕಿ 10 ಗ್ರಾಂ. ಬೇಳೆಯನ್ನು ಪರಿಮಳ ಬರುವವರೆಗೆ, ಅಲ್ಲೊಂದು ಇಲ್ಲೊಂದು ಕೆಂಪಗೆ ಕಾಣುವವರೆಗೆ ಹುರಿದು, 3 ಲೀಟರು ನೀರಲ್ಲಿ ಬೇಯಿಸಿ. ಎರಡು ಬೆರಳ ನಡುವೆ ಒತ್ತಿದರೆ ಬೆಣ್ಣೆಯ ಹಾಗೆ ಜಾರುವವರೆಗೆ ಬೆಲ್ಲವನ್ನು ಹತ್ತಿರ ತರಬೇಡಿ. ಬೆಲ್ಲದ ಸಿಹಿಯೂ ಅದರಲ್ಲಿರುವ ಸುಣ್ಣದ ಅಂಶವೂ ಕಾಳನ್ನು ಬಿಗಿಮಾಡುತ್ತವೆ, ಆಮೇಲೆ ಸಂಜೆಯವರೆಗೆ ಬೇಯಿಸಿದರೂ ಬೇಳೆ ಬಗ್ಗುವುದಿಲ್ಲ. ಬೆಲ್ಲವನ್ನು ಬೇರೆಯೇ ಕರಗಿಸಿ ಸೋಸಿ. ಅಡಿಯಲ್ಲಿ ಉಳಿಯುವ ಮರಳು, ಕಸ ನೋಡಿದ ಮೇಲೆ ಸೋಸದೆ ಹಾಕುವ ಧೈರ್ಯ ಯಾರಿಗೂ ಬರಲಾರದು. ಬೆಲ್ಲ, ಕಾಯಿಯ ಎರಡನೇ (ತೆಳು) ಹಾಲು 3 ಲೀಟರು ಸೇರಿಸಿ, ದಪ್ಪ ತಳದ ಉರುಳಿಯಲ್ಲಿ ಕಾಲು ಗಂಟೆ ಸಣ್ಣ ಉರಿ. ಈಗ ಒಲೆ ಆರಿಸಿ. ಐದು ನಿಮಿಷ ಕಾಯಿರಿ. ಮೇಲಿನ ಗುಳ್ಳೆಗಳು ಒಂದೊಂದಾಗಿ ಒಡೆದು, ಕಂದು ಮೈ ನಯವಾಗಿ ನಿಂತ ಮೇಲೆ ಒಂದೂವರೆ ಲೀಟರು ದಪ್ಪ ಹಾಲನ್ನು ಬದಿಯಿಂದ ಸಪೂರಕ್ಕೆ ಬಿಡುತ್ತಾ ತಿರುವಿ. ಬಿಳಿ ಗೆರೆ ಒಂದು ಸುತ್ತು ಹೋಗಿ ಕಂದಿನಲ್ಲಿ ಕರಗುತ್ತದೆ. ಈ ಹೊತ್ತಿಗೆ ಸರಿಯಾಗಿ ಯಾರಾದರೂ ‘ತಣಿದು ಹೋತಲ್ಲದಾ’ ಎಂದು ಒಲೆ ಹೊತ್ತಿಸುತ್ತಾರೆ. ಹೊತ್ತಿಸಿದರೆ ಮುಗಿಯಿತು. ಹಾಲು ಒಡೆದು ಎಣ್ಣೆ ಮೇಲೆ, ಕಣಕಣ ಕೆಳಗೆ.

ಸರಿಯಾಗಿ ಆದ ಪಾಯಸವೂ ಇಟ್ಟಷ್ಟು ಹೊತ್ತು ಬಿಗಿಯುತ್ತದೆ. ಮೊದಲ ಪಂಕ್ತಿಗೆ ಹರಿದದ್ದು ಎರಡನೇ ಪಂಕ್ತಿಗೆ ಎಲೆಯಲ್ಲಿ ಗೋಪುರ ನಿಲ್ಲುತ್ತದೆ. ಬಿಸಿಮಾಡಿದ ತೆಳು ಹಾಲು ಒಂದು ಲೀಟರು ಬೇರೆ ಇಟ್ಟಿರಿ.

ಹಾಲು, ತುಪ್ಪ, ಮೊಸರು ಯಾವುದನ್ನೂ ಮುಟ್ಟದ ವೀಗನ್ ಮಗಳು ಈಗ ಹೆಚ್ಚುಕಮ್ಮಿ ಎಲ್ಲ ಕುಟುಂಬದಲ್ಲಿ ಒಬ್ಬಳಾದರೂ ಇದ್ದಾಳೆ. ಗಾಬರಿ ಬೇಡ, ನಮ್ಮ ಅಡುಗೆಯೇ ಅರ್ಧ ಅವಳ ಪಕ್ಷ. ಪಾಯಸಕ್ಕೆ ಗೇರುಬೀಜವನ್ನು ತೆಂಗಿನೆಣ್ಣೆಯಲ್ಲಿ ಹುರಿಯಿರಿ, ಅವಿಲಿಗೆ ಮೊಸರಿನ ಬದಲು ಮಾವಿನಕಾಯಿಯನ್ನೋ ಬೀಂಬುಳಿಯನ್ನೋ ಹಾಕಿ. ಗೋಧಿ ಆಗದವರಿದ್ದರೆ ಸಾರಿನ ಇಂಗಿನ ಡಬ್ಬಿ ಓದಿ ನೋಡಿ, ಪುಡಿ ಇಂಗಿಗೆ ಮೈದಾನೋ ಗೋಧಿಹಿಟ್ಟೋ ಬೆರೆಸಿರುವುದು ಸಾಮಾನ್ಯ. ಸಕ್ಕರೆ ಕಾಯಿಲೆಯವರಿಗೆ ಬೇರೆ ಪಾಯಸ ಮಾಡುವ ಶ್ರಮ ವ್ಯರ್ಥ. ಅವರು ಅದನ್ನು ಹೊಗಳಿ, ಇದನ್ನು ಕುಡಿಯುತ್ತಾರೆ.

ಎಲೆ ಹಾಕುವಾಗ ಕೊಡಿ, ಅಂದರೆ ತುದಿ, ಉಣ್ಣುವವರ ಎಡಕ್ಕೆ. ಕೊಡಿ ಎಲೆ ಹಿರಿಯರಿಗೆ, ತುದಿಯಿಲ್ಲದ ತುಂಡೆಲೆ, ಕೀತು, ಉಳಿದವರಿಗೆ. ಯಾರು ಯಾವ ಪಾಲಿಗೆ ಸೇರಿದವರು ಎಂಬ ಸೂಕ್ಷ್ಮವನ್ನು ಎಲೆ ಹಾಕುವ ಹುಡುಗನಿಗೆ ಬಿಡಬೇಡಿ, ಐವತ್ತು ದಾಟಿದವರು ಕೀತು ನೋಡಿ ಸುಮ್ಮನೆ ನಗುವ ನಗು ಮುಂದಿನ ಬಿಸುವರೆಗೆ ಬಾಳುತ್ತದೆ. ಪಾಯಸ ಬಡಿಸುವವರಿಗೆ ಬೆರಳು ಓದಲು ಬರಬೇಕು. ಎರಡನೇ ಸುತ್ತಿಗೆ ಎಲ್ಲರೂ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡ ಎನ್ನುತ್ತಾರೆ. ಬೆರಳು ಜೋಡಿಸಿ ಹಿಡಿದಿದ್ದರೆ ನಿಜವಾಗಿ ಬೇಡ. ಬೆರಳ ನಡುವೆ ಸಂದು ಕಂಡರೆ ಒಂದು ಸೌಟು. ಬೇಡ ಎನ್ನುತ್ತಾ ಕೈಯನ್ನು ಹಿಂದಕ್ಕೆ ತೆಗೆದರೆ ಎರಡು. ನಲವತ್ತು ಜನಕ್ಕೆ ಎಂಟು ಲೀಟರು ಎಂಬ ಲೆಕ್ಕ ಹುಟ್ಟಿದ್ದು ಈ ಸಂದುಗಳಿಂದ.

ಸಂಜೆ ಎಲ್ಲರೂ ಹೊರಡುವಾಗ ಉಳಿದ ಬೆಂದಿಯನ್ನು ಕಟ್ಟಿಕೊಡಿ, ಮರುದಿನ ಕುದಿಸಿದರೆ ಇನ್ನೂ ರುಚಿ. ಮೇಲಾರ ಕೊಡಬೇಡಿ, ದಾರಿಯಲ್ಲೇ ಹುಳಿಯುತ್ತದೆ. ಬೆಂದಿ ಕಟ್ಟಿಕೊಡಲು ಐಸ್‌ಕ್ರೀಮಿನ ಹಳೆ ಪ್ಲಾಸ್ಟಿಕ್ ಡಬ್ಬಿಗಳನ್ನು ವರ್ಷವಿಡೀ ಇದಕ್ಕೆಂದೇ ಕೂಡಿಟ್ಟಿರಬೇಕು. ಅಡಿಯಲ್ಲಿ ಹೆಸರು ಕೊರೆಸಿದ ಸ್ಟೀಲಿನ ಡಬ್ಬಿ ಒಮ್ಮೆ ಗೇಟು ದಾಟಿತೋ, ಅದು ಮತ್ತೆ ಕಾಣಲು ಸಿಗುವುದು ಅವರ ಮನೆಯ ಅಟ್ಟಳಿಗೆಯಲ್ಲಿ, ನಾವು ‘ಎಂಗೊ ನಾಲ್ಕೇ ಜೆನ’ ಎಂದು ಫೋನು ಮಾಡಿ ಹೋದ ದಿನ.