ಸತ್ಯಾಂಶ: ದಶಮಾಂಶ ಜಾಸ್ತಿ ಇದ್ದರೆ ಉತ್ತರ ನಿಖರವೇ?

ಪಿಯುಸಿ ಪ್ರಾಕ್ಟಿಕಲ್ ಹತ್ತಿರ ಬಂದರೆ ಮಂಗಳೂರಿನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಮಾತು ಸುತ್ತುತ್ತದೆ: 'ಕ್ಯಾಲ್ಕ್ಯುಲೇಟರ್ ತೋರಿಸಿದ ಅಂಕಿಗಳನ್ನೆಲ್ಲ ಬರೆಯಿರಿ, ದಶಮಾಂಶ ಜಾಸ್ತಿ ಇದ್ದಷ್ಟೂ ಉತ್ತರ ನಿಖರ.' ಇದು ತಪ್ಪು.

ಪಣಂಬೂರಿನ ಸಮುದ್ರದ ನೀರು ತಂದು ಸಾಂದ್ರತೆ ಅಳೆದಿರಿ ಎನ್ನಿ. ತೂಕ 23.6 ಗ್ರಾಂ. ಅಳತೆ ಜಾಡಿಯಲ್ಲಿ 23 ಮಿಲಿಲೀಟರ್. ತೂಕವನ್ನು ಗಾತ್ರದಿಂದ ಭಾಗಿಸಿದರೆ ಪರದೆಯಲ್ಲಿ 1.0260869... ನೋಡೋಕೆ ಗತ್ತಾಗಿದೆ, ಅಲ್ವಾ? ಆದರೆ ಜಾಡಿ ಹೇಳಿದ್ದು ಎರಡೇ ಅಂಕಿ. ನಿಜವಾದ ಗಾತ್ರ 22.5 ಇರಬಹುದು, 23.5 ಕೂಡ ಇರಬಹುದು. ಆಗ ಉತ್ತರ 1.00ರಿಂದ 1.05ರ ನಡುವೆ ಎಲ್ಲಿ ಬೇಕಾದರೂ ಬೀಳುತ್ತದೆ. ಹಾಗಾಗಿ ಬರೆಯಬೇಕಾದ್ದು 1.0 ಮಾತ್ರ. ನಲ್ಲಿ ನೀರಿನದ್ದೂ ಅಷ್ಟೇ! ಈ ಅಳತೆ ಇಟ್ಟುಕೊಂಡು ಉಪ್ಪು ನೀರು, ಸಿಹಿ ನೀರು ಬೇರೆ ಅಂತ ಹೇಳೋಕೇ ಆಗುವುದಿಲ್ಲ. ಬ್ಯುರೆಟ್ಟಿನಲ್ಲಿ (ಸಣ್ಣ ಸಣ್ಣ ಗೆರೆಗಳಿರುವ ಅಳತೆ ಕೊಳವೆ) 23.00, ತಕ್ಕಡಿಯಲ್ಲಿ 23.60 ಸಿಕ್ಕರೆ ಧೈರ್ಯವಾಗಿ 1.026 ಎನ್ನಬಹುದು.

ಗುಣಾಕಾರ, ಭಾಗಾಕಾರದಲ್ಲಿ ಕಡಿಮೆ ಸಾರ್ಥಕ ಅಂಕಿ (ಅಳತೆಯಲ್ಲಿ ನಿಜಕ್ಕೂ ಅರ್ಥವಿರುವ ಅಂಕಿ) ಇರುವ ಅಳತೆಯೇ ಮಿತಿ. ಕೂಡುವಾಗ, ಕಳೆಯುವಾಗ ಮಾತ್ರ ದಶಮಾಂಶ ಸ್ಥಾನ ನೋಡಬೇಕು. 0.0045ರ ಎಡಗಡೆಯ ಸೊನ್ನೆಗಳು ಲೆಕ್ಕಕ್ಕಿಲ್ಲ. ಸಾರ್ಥಕ ಅಂಕಿ ಎರಡೇ. ಹಾಗಂತ ಲೆಕ್ಕದ ನಡುವೆ ಸುಮ್ನೆ ರೌಂಡ್ ಮಾಡುತ್ತಾ ಹೋಗಬೇಡಿ. ಅದು ಕೊನೆಯ ಉತ್ತರಕ್ಕೆ ಮಾತ್ರ.